ರಕ್ಷಣೆಗೆ ಬದಲಾಗಿ ದುಡಿಮೆ ಅನ್ನುವ ಕಥೆಯನ್ನು ನಂಬಬೇಡಿ

ನಮಸ್ಕಾರ. ಮಧ್ಯಯುಗದ ಯುರೋಪಿನ ಊಳಿಗಮಾನ್ಯ ಪದ್ಧತಿ ಅಂದ ಕೂಡಲೇ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು ಪಠ್ಯಪುಸ್ತಕದ ಒಂದು ಪಿರಮಿಡ್ಡಿನ ಚಿತ್ರ. ತುದಿಯಲ್ಲಿ ರಾಜ, ಅವನ ಕೆಳಗೆ ಸರದಾರರು, ಅವರ ಕೆಳಗೆ ನೈಟುಗಳು ಅಂದರೆ ಕುದುರೆ ಏರಿ ಕಾದಾಡುವ ಯೋಧರು, ತಳದಲ್ಲಿ ರೈತರು. ಪಕ್ಕದಲ್ಲೇ ಒಂದು ಸಾಲು: ಮೇಲಿನವರು ರಕ್ಷಣೆ ಕೊಟ್ಟರು, ಕೆಳಗಿನವರು ದುಡಿಮೆ ಕೊಟ್ಟರು. ಅಂದರೆ ಇದೊಂದು ಕೊಡು-ಕೊಳ್ಳುವಿಕೆ, ಇಬ್ಬರಿಗೂ ಒಪ್ಪಿಗೆಯಾಗಿದ್ದ ಏರ್ಪಾಡು ಅಂತ. ಇವತ್ತಿನ ನನ್ನ ತಕರಾರು ಆ ಒಂದು ಸಾಲಿನ ಮೇಲೆ. ಅದು ಅರ್ಧಸತ್ಯ. ಅದರಲ್ಲಿ ಸುಳ್ಳಾಗಿರುವ ಅರ್ಧದಲ್ಲೇ ಆ ಕಾಲದ ಬಹುಪಾಲು ಜನ ಬದುಕಿದ್ದರು.

ಈ ಕಥೆ ಪಠ್ಯಪುಸ್ತಕದವರು ಹುಟ್ಟಿಸಿದ್ದಲ್ಲ. 11ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಲಾಂ ಪಟ್ಟಣದ ಬಿಷಪ್ ಅಡಾಲ್ಬೆರೋ ತನ್ನ ರಾಜನಿಗೆ ಒಂದು ಪದ್ಯ ಬರೆದ. ದೇವರ ಮನೆಯಲ್ಲಿ ಮೂರು ಬಗೆಯ ಜನ ಇದ್ದಾರೆ, ಕೆಲವರು ಪ್ರಾರ್ಥಿಸುತ್ತಾರೆ, ಕೆಲವರು ಕಾದಾಡುತ್ತಾರೆ, ಉಳಿದವರು ದುಡಿಯುತ್ತಾರೆ, ಮೂವರೂ ಒಬ್ಬರಿಗೊಬ್ಬರು ಬೇಕು ಅಂತ ಅದರಲ್ಲಿ ಹೇಳಿದ. ಆಮೇಲೆ ಶತಮಾನಗಟ್ಟಲೆ ಈ ಮಾತು ಚರ್ಚುಗಳಲ್ಲಿ, ಆಸ್ಥಾನಗಳಲ್ಲಿ ಓಡಾಡಿತು. ಆದರೆ ಅದೇ ಪದ್ಯದಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ಯಾರೂ ಎತ್ತುವುದಿಲ್ಲ. ಆಳನ್ನು ಸಾಕುತ್ತಿದ್ದೇನೆ ಅಂದುಕೊಂಡ ಒಡೆಯನನ್ನು ನಿಜವಾಗಿ ಸಾಕುತ್ತಿರುವುದು ಆಳೇ, ಅವನ ಕಣ್ಣೀರಿಗೂ ನರಳಾಟಕ್ಕೂ ಕೊನೆಯಿಲ್ಲ ಅಂತ ಆ ಬಿಷಪ್ಪನೇ ಒಪ್ಪಿಕೊಂಡಿದ್ದಾನೆ. ವ್ಯವಸ್ಥೆಯನ್ನು ಸಮರ್ಥಿಸಲು ಕೂತವನಿಗೇ ಕಂಡ ಸತ್ಯ ನಮ್ಮ ಪಿರಮಿಡ್ಡಿನಲ್ಲಿ ಇಲ್ಲ.

ಇಂಗ್ಲೆಂಡಿನ ಉದಾಹರಣೆಯನ್ನೇ ನೋಡೋಣ, ಅಲ್ಲಿ ದಾಖಲೆಗಳು ಧಾರಾಳವಾಗಿ ಉಳಿದಿವೆ. ಹಳ್ಳಿಯ ಜಮೀನಿನಲ್ಲಿ ಒಂದು ಭಾಗ ಒಡೆಯನ ಸ್ವಂತ ಸಾಗುವಳಿಗೆ, ಉಳಿದದ್ದು ರೈತರಿಗೆ. ಈ ರೈತರಲ್ಲಿ ಸ್ವತಂತ್ರರೂ ಇದ್ದರು, ಗುಡಿಸಲು ಮತ್ತು ತುಂಡು ನೆಲ ಮಾತ್ರ ಇದ್ದ ಕೂಲಿಯವರೂ ಇದ್ದರು. ಇವರ ನಡುವೆ ದೊಡ್ಡ ಸಂಖ್ಯೆಯಲ್ಲಿದ್ದವರು ವಿಲೆನ್‌ಗಳು, ಅಂದರೆ ಹುಟ್ಟಿನಿಂದಲೇ ಒಡೆಯನಿಗೂ ಅವನ ಭೂಮಿಗೂ ಕಟ್ಟುಬಿದ್ದ ರೈತರು. ಕಾನೂನು ಇವರ ವಿಷಯದಲ್ಲಿ ವಿಚಿತ್ರವಾಗಿತ್ತು. ಬೇರೆ ಯಾರ ಎದುರೂ ವಿಲೆನ್ ಸ್ವತಂತ್ರ ಮನುಷ್ಯನ ಹಾಗೆ ನಿಲ್ಲಬಹುದು, ತನ್ನ ಒಡೆಯನ ಎದುರು ಮಾತ್ರ ಆಗದು. ಒಡೆಯ ಜಮೀನು ಕಿತ್ತುಕೊಂಡರೆ ರಾಜನ ಕೋರ್ಟು ಅವನ ದೂರನ್ನು ಕೇಳುತ್ತಿರಲಿಲ್ಲ. ಯಾರಿಂದ ಅನ್ಯಾಯ ಆಗುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚೋ, ಅವನ ಮೇಲೇ ದೂರು ಕೊಡುವ ಹಾಗಿಲ್ಲ. ಇದನ್ನು ರಕ್ಷಣೆ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ.

ಇನ್ನು ಅವನು ಕೊಡಬೇಕಿದ್ದದ್ದು ಏನೇನು? ಅನೇಕ ಹಳ್ಳಿಗಳಲ್ಲಿ ವಾರಕ್ಕೆ ಎರಡು-ಮೂರು ದಿನ ಒಡೆಯನ ಹೊಲದಲ್ಲಿ ಬಿಟ್ಟಿ ಕೆಲಸ. ಸುಗ್ಗಿಯಲ್ಲಿ ಅದರ ಮೇಲೆ ಇನ್ನಷ್ಟು, ಅದೂ ತನ್ನ ಹೊಲದ ತೆನೆ ಒಣಗಿ ನಿಂತಿರುವ ವಾರದಲ್ಲೇ. ಮಗಳ ಮದುವೆ ಮಾಡಬೇಕೆಂದರೆ ಒಡೆಯನಿಗೆ ಹಣ ಕಟ್ಟಿ ಅನುಮತಿ ಪಡೆಯಬೇಕು. ಮದುವೆಗೆ ಮುಂಚೆ ಹೆಣ್ಣು ಗರ್ಭಿಣಿಯಾದರೆ ಅದಕ್ಕೂ ದಂಡ. ಊರು ಬಿಟ್ಟು ಬೇರೆಡೆ ಇರುವುದಕ್ಕೆ ವರ್ಷವರ್ಷ ಕಾಣಿಕೆ. ಫಸಲಿನ ಹತ್ತನೇ ಒಂದು ಪಾಲು ಚರ್ಚಿಗೆ. ಕೊನೆಗೆ ಮನೆಯ ಯಜಮಾನ ಸತ್ತರೆ ಕೊಟ್ಟಿಗೆಯಲ್ಲಿರುವ ಅತ್ಯುತ್ತಮ ದನ ಒಡೆಯನ ಪಾಲು. ಗಂಡನನ್ನು ಮಣ್ಣು ಮಾಡಿ ಬಂದ ಹೆಂಗಸಿನ ಕೊಟ್ಟಿಗೆಯಿಂದ ಎತ್ತನ್ನು ಹೊಡೆದುಕೊಂಡು ಹೋಗುವುದು ಆ ಕಾಲದ ಕಾನೂನು ಪ್ರಕಾರ ಸರಿಯಾದ ಕ್ರಮ! ಅನೇಕ ಊರುಗಳಲ್ಲಿ ಅದರ ಬೆನ್ನಿಗೇ ಚರ್ಚಿನವರು ಬಂದು ಎರಡನೇ ಒಳ್ಳೆಯ ದನವನ್ನು ಕೇಳುತ್ತಿದ್ದರು.

ನ್ಯಾಯವಾಗಿ ಒಂದು ಮಾತು ಹೇಳಲೇಬೇಕು. ಇವರು ಗುಲಾಮರಾಗಿರಲಿಲ್ಲ. ಸಂತೆಯಲ್ಲಿ ಅವರನ್ನು ಮಾರುತ್ತಿರಲಿಲ್ಲ, ಹೊಲ ತಂದೆಯಿಂದ ಮಗನಿಗೆ ಬರುತ್ತಿತ್ತು, ಊರಿನ ರೂಢಿಯನ್ನು ಮೀರಿ ಕೇಳಿದರೆ ಜನ ಒಟ್ಟಾಗಿ ತಕರಾರು ತೆಗೆಯುತ್ತಿದ್ದರು. ಒಡೆಯನ ಕೆಲಸ ಮಾಡಿಸುತ್ತಿದ್ದ ರೀವ್ ಎಂಬ ಮೇಸ್ತ್ರಿಯೂ ಸಾಮಾನ್ಯವಾಗಿ ಒಬ್ಬ ವಿಲೆನ್ನೇ. ಎಷ್ಟೋ ಕಡೆ ಊರಿನವರೇ ಅವನನ್ನು ಆರಿಸುತ್ತಿದ್ದರು. ಸೆಪ್ಟೆಂಬರ್ ಕೊನೆಗೆ ವರ್ಷದ ಲೆಕ್ಕ ಒಪ್ಪಿಸುವಾಗ ಕಡಿಮೆ ಬಿದ್ದರೆ ಅವನೇ ಕೈಯಿಂದ ತುಂಬಬೇಕು. ಹಾಗಾಗಿ ನೆರೆಯವನ ಮೇಲೆ ನೆರೆಯವನೇ ಜುಲುಮೆ ಮಾಡಬೇಕಾಗುತ್ತಿತ್ತು. ಪಿರಮಿಡ್ಡಿನ ತಳದ ಪಟ್ಟಿಯಲ್ಲಿ ‘ರೈತರು’ ಅಂತ ಒಂದೇ ಪದ ಬರೆದಾಗ ಈ ಒಳಜಗಳ ಪೂರ್ತಿ ಅಳಿಸಿಹೋಗುತ್ತದೆ.

ಮೇಲಿನ ಹಂತಗಳಲ್ಲಿ ಒಪ್ಪಂದ ನಿಜವಾಗಿಯೂ ಇತ್ತು. ಸರದಾರ ರಾಜನ ಮುಂದೆ ಮಂಡಿಯೂರಿ ಪ್ರಮಾಣ ಮಾಡಿ ಜಮೀನು ಪಡೆಯುತ್ತಿದ್ದ. ನೈಟ್ ವರ್ಷಕ್ಕೆ ಸುಮಾರು 40 ದಿನ ಯುದ್ಧಸೇವೆ ಕೊಡುತ್ತಿದ್ದ, ಬೇಡವಾದರೆ ಅದರ ಬದಲು ಹಣ ಕಟ್ಟಿ ಬಿಡಿಸಿಕೊಳ್ಳುತ್ತಿದ್ದ. ರಾಜ ಜಾನ್ ಮಾತು ಮೀರಿದಾಗ 1215ರಲ್ಲಿ ಸರದಾರರು ಅವನನ್ನು ಹಿಡಿದು ಕೂರಿಸಿ, ರಾಜನ ಅಧಿಕಾರಕ್ಕೆ ಮಿತಿ ಹಾಕುವ ಮ್ಯಾಗ್ನಾ ಕಾರ್ಟಾ ಎಂಬ ಸನ್ನದಿಗೆ ಮುದ್ರೆ ಹಾಕಿಸಿದರು. ಅದರ ಪ್ರಖ್ಯಾತ ಕಲಮು ಹೇಳುವುದು ಏನು? ವಿಚಾರಣೆ ಇಲ್ಲದೆ ಯಾವ ಸ್ವತಂತ್ರ ಮನುಷ್ಯನನ್ನೂ ಸೆರೆಹಿಡಿಯುವಂತಿಲ್ಲ. ‘ಸ್ವತಂತ್ರ’ ಎಂಬ ಮಾತು ಅಲ್ಲಿ ಸುಮ್ಮನೆ ಬಂದದ್ದಲ್ಲ. ವಿಲೆನ್ ಆ ಬಾಗಿಲಿನ ಹೊರಗೇ ನಿಂತ.

ಈಗ ಸೇಂಟ್ ಆಲ್ಬನ್ಸ್ ಊರಿಗೆ ಬನ್ನಿ. ಲಂಡನ್ನಿನ ಉತ್ತರಕ್ಕೆ ಇರುವ ಈ ಊರಿನ ಒಡೆತನ ಅಲ್ಲಿನ ದೊಡ್ಡ ಮಠದ್ದು. ಪ್ರಾರ್ಥನೆ ಮಾಡುವ ವರ್ಗ ಅಂತ ಅಡಾಲ್ಬೆರೋ ಹೇಳಿದನಲ್ಲ, ಅವರೇ ಇಲ್ಲಿ ಧಣಿಗಳು. ಧಾನ್ಯವನ್ನು ಮಠದ ಗಿರಣಿಯಲ್ಲೇ ಬೀಸಿಸಬೇಕು, ಅಲ್ಲಿ ಒಂದು ಪಾಲು ಬಿಟ್ಟು ಬರಬೇಕು ಅನ್ನುವುದು ಮಠದ ಹಕ್ಕು. ಜನ ಸುಮ್ಮನಿರಲಿಲ್ಲ, ಮನೆಯಲ್ಲೇ ಬೀಸುವ ಕಲ್ಲು ಇಟ್ಟುಕೊಂಡರು. ತಲೆಮಾರುಗಳ ಕಾಲ ಈ ಜಟಾಪಟಿ ನಡೆಯಿತು. 1330ರ ದಶಕದ ಆರಂಭದಲ್ಲಿ ಮಠಾಧಿಪತಿ ರಿಚರ್ಡ್ ಆಫ್ ವಾಲಿಂಗ್‌ಫರ್ಡ್ ಊರಿನ ಬೀಸುವ ಕಲ್ಲುಗಳನ್ನು ವಶಪಡಿಸಿಕೊಂಡು, ಮಠದ ಮಾತುಕತೆಯ ಕೋಣೆಯ ನೆಲಕ್ಕೆ ಹಾಸುಗಲ್ಲಾಗಿ ಹಾಕಿಸಿದ.

ಈ ರಿಚರ್ಡ್ ಸಾಮಾನ್ಯನಲ್ಲ. ಕಮ್ಮಾರನ ಮಗ, ಚಿಕ್ಕಂದಿನಲ್ಲೇ ತಬ್ಬಲಿ, ಆಕ್ಸ್‌ಫರ್ಡಿನಲ್ಲಿ ಓದಿ ದೊಡ್ಡ ಗಣಿತಜ್ಞನಾದವನು, ಗ್ರಹಗತಿ ತೋರಿಸುವ ಅದ್ಭುತ ಗಡಿಯಾರಕ್ಕೆ ರೂಪ ಕೊಟ್ಟವನು. ಕೆಳಗಿನಿಂದ ಮೇಲೆ ಬರಲು ಚರ್ಚು ಒಂದು ದಾರಿಯಾಗಿತ್ತು ಅನ್ನುವುದಕ್ಕೆ ಅವನೇ ಸಾಕ್ಷಿ. ಹಾಗೆ ಮೇಲೆ ಬಂದವನೇ ಬಡವರ ಅಡುಗೆಮನೆಯ ಕಲ್ಲನ್ನು ಕಿತ್ತು ಕಾಲಡಿ ಹಾಕಿಸಿದ. ಇದನ್ನು ಓದುವಾಗೆಲ್ಲ ನನಗೆ ಸಂಕಟವಾಗುತ್ತದೆ. ಒಬ್ಬಿಬ್ಬರು ಜಾಣರು ಮೇಲಕ್ಕೆ ಹೋದರು ಅಂತ ವ್ಯವಸ್ಥೆ ಸಡಿಲವಾಗಿತ್ತು ಎಂದು ವಾದಿಸುವವರು ಈ ಹಾಸುಗಲ್ಲುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

1348-49ರಲ್ಲಿ ಮಹಾಮಾರಿ ಪ್ಲೇಗ್ ಬಂತು. ಇಂಗ್ಲೆಂಡಿನ ಜನರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಸತ್ತರು ಅನ್ನುತ್ತಾರೆ. ಆಳು ಸಿಗುವುದು ಕಷ್ಟವಾಯಿತು, ಉಳಿದವರು ಹೆಚ್ಚು ಕೂಲಿ ಕೇಳಿದರು. ಸರ್ಕಾರ ಮಾಡಿದ್ದೇನು? 1351ರಲ್ಲಿ ಕಾಯಿದೆ ತಂದು, ಪ್ಲೇಗಿಗೆ ಮುಂಚಿನ ಕೂಲಿಗಿಂತ ಹೆಚ್ಚು ಕೇಳುವುದೇ ಅಪರಾಧ ಎಂದಿತು. ಆಮೇಲೆ ಫ್ರಾನ್ಸಿನ ಮೇಲಿನ ಯುದ್ಧಕ್ಕಾಗಿ ನಾಲ್ಕು ವರ್ಷದಲ್ಲಿ ಮೂರು ಸಲ ತಲೆಗಂದಾಯ. ಮೂರನೆಯದು 15 ವರ್ಷ ದಾಟಿದ ಪ್ರತಿಯೊಬ್ಬರ ಲೆಕ್ಕಕ್ಕೆ 12 ಪೆನ್ಸ್. 1381ರ ಬೇಸಿಗೆಯಲ್ಲಿ ಲಂಡನ್ನಿನ ಪಕ್ಕದ ಎಸೆಕ್ಸ್ ಮತ್ತು ಕೆಂಟ್ ಪ್ರಾಂತ್ಯಗಳು ಸಿಡಿದೆದ್ದವು. ಹೋದ ಹೋದಲ್ಲಿ ಜನ ಹುಡುಕಿ ಸುಟ್ಟದ್ದು ಒಡೆಯರ ಕೋರ್ಟಿನ ಚರ್ಮದ ಸುರುಳಿಗಳನ್ನು. ಯಾರು ಯಾರ ಆಳು, ಯಾರು ಎಷ್ಟು ದಿನ ಬಿಟ್ಟಿ ದುಡಿಯಬೇಕು ಎಂಬುದೆಲ್ಲ ಅದರಲ್ಲಿ ಬರೆದಿತ್ತು. ತಮ್ಮನ್ನು ಕಟ್ಟಿಹಾಕಿದ ಹಗ್ಗ ಯಾವುದು ಅಂತ ಅವರಿಗೆ ಸರಿಯಾಗಿಯೇ ಗೊತ್ತಿತ್ತು.

ಸೇಂಟ್ ಆಲ್ಬನ್ಸಿನಲ್ಲಿ ವಿಲಿಯಂ ಗ್ರಿಂಡ್‌ಕಾಬ್ ಎಂಬವನ ಮುಂದಾಳತ್ವದಲ್ಲಿ ಜನ ಮಠಕ್ಕೆ ನುಗ್ಗಿದರು. ಆ ನೆಲವನ್ನು ಅಗೆದು ಬೀಸುವ ಕಲ್ಲುಗಳನ್ನು ಎತ್ತಿದರು, ಚೂರು ಮಾಡಿ ಚರ್ಚಿನಲ್ಲಿ ಪವಿತ್ರ ರೊಟ್ಟಿ ಹಂಚಿದ ಹಾಗೆ ಒಬ್ಬೊಬ್ಬರಿಗೂ ಒಂದೊಂದು ಚೂರು ಹಂಚಿದರು. ಇದನ್ನು ಬರೆದಿಟ್ಟವನು ಅದೇ ಮಠದ ಸನ್ಯಾಸಿ ಥಾಮಸ್ ವಾಲ್ಸಿಂಗಮ್, ದಂಗೆಕೋರರನ್ನು ಕಂಡರಾಗದವನು. ಆ ಹೊತ್ತಿಗೆ ಕಲ್ಲು ಕಿತ್ತುಕೊಂಡು ಹತ್ತಿರ ಹತ್ತಿರ 50 ವರ್ಷ. ಅಜ್ಜ-ಅಜ್ಜಿಯರ ಅವಮಾನವನ್ನು ಮೊಮ್ಮಕ್ಕಳು ಮರೆತಿರಲಿಲ್ಲ.

ಆ ವರ್ಷದ ಜೂನ್ 14ರಂದು ಲಂಡನ್ನಿನ ಹೊರಗೆ ಮೈಲ್ ಎಂಡ್ ಎಂಬಲ್ಲಿ 14 ವರ್ಷದ ರಾಜ ಎರಡನೇ ರಿಚರ್ಡ್ ದಂಗೆಕೋರರನ್ನು ಭೇಟಿಯಾದ. ಅವರು ಕೇಳಿದ್ದನ್ನು ಗಮನವಿಟ್ಟು ಕೇಳಿ. ಇನ್ನು ಯಾರೂ ಜೀತದಾಳಾಗಿ ಇರಬಾರದು. ಜಮೀನಿನ ಗೇಣಿ ಎಕರೆಗೆ 4 ಪೆನ್ಸ್ ಇರಲಿ. ತನ್ನ ಇಚ್ಛೆಯಿಂದ, ಸರಿಯಾದ ಒಪ್ಪಂದದ ಮೇಲೆ ಮಾತ್ರ ಒಬ್ಬ ಇನ್ನೊಬ್ಬನಿಗೆ ದುಡಿಯಲಿ. ಗೇಣಿಯೇ ಬೇಡ ಅನ್ನಲಿಲ್ಲ, ಕೆಲಸವೇ ಮಾಡುವುದಿಲ್ಲ ಅನ್ನಲಿಲ್ಲ. ಒಪ್ಪಂದ ಬೇಕು ಅಂದರು. ಪಠ್ಯದ ಆ ಒಂದು ಸಾಲು ಇದೆ ಅಂತ ಹೇಳುವ ಒಪ್ಪಂದವನ್ನೇ, ಅದರೊಳಗೆ ಬದುಕಿದವರು ಇಲ್ಲ ಅಂತ ಹೇಳಿ ಪ್ರಾಣ ಪಣಕ್ಕಿಟ್ಟು ಕೇಳಿದರು.

ರಾಜ ಒಪ್ಪಿದ, ಗುಮಾಸ್ತರನ್ನು ಕೂರಿಸಿ ಬಿಡುಗಡೆಯ ಸನ್ನದು ಬರೆಸಿದ. ಮರುದಿನ ಲಂಡನ್ನಿನ ಸ್ಮಿತ್‌ಫೀಲ್ಡಿನಲ್ಲಿ ದಂಗೆಯ ನಾಯಕ ವಾಟ್ ಟೈಲರ್‌ನನ್ನು ರಾಜನ ಕಡೆಯವರು ಕೊಂದರು. ಜುಲೈ 2ಕ್ಕೆ ಸನ್ನದುಗಳೆಲ್ಲ ರದ್ದಾದವು. ಆ ತಿಂಗಳೇ ದಂಗೆಯ ಇನ್ನೊಬ್ಬ ಮುಂದಾಳು ಪಾದ್ರಿ ಜಾನ್ ಬಾಲ್‌ನನ್ನೂ ಗ್ರಿಂಡ್‌ಕಾಬ್‌ನನ್ನೂ ಸೇಂಟ್ ಆಲ್ಬನ್ಸಿನಲ್ಲಿ ನೇಣಿಗೆ ಹಾಕಿದರು. ಅದಕ್ಕೆ ಮೊದಲು, ಊರಿನವರನ್ನು ಮಣಿಸಲಿ ಅಂತ ಗ್ರಿಂಡ್‌ಕಾಬ್‌ನನ್ನು ಜಾಮೀನಿನ ಮೇಲೆ ಊರಿಗೆ ಕಳಿಸಿದ್ದರು. ನನ್ನ ಜೀವದ ಚಿಂತೆ ಬಿಡಿ, ಸಿಕ್ಕಿದ ಸ್ವಾತಂತ್ರ್ಯವನ್ನು ಬಿಟ್ಟುಕೊಡಬೇಡಿ ಅಂತ ಅವನು ಊರಿನವರಿಗೆ ಹೇಳಿದನಂತೆ. ಅದನ್ನೂ ಬರೆದಿಟ್ಟವನು ಆ ವಾಲ್ಸಿಂಗಮ್ಮೇ.

ಆಮೇಲಿನ ನೂರು ವರ್ಷಗಳಲ್ಲಿ ಜೀತ ತಾನಾಗಿ ಸವೆಯಿತು. ಜನ ಕಡಿಮೆ, ಭೂಮಿ ಹೆಚ್ಚು, ಒಂದು ಊರಲ್ಲಿ ಹಿಂಸೆ ಕೊಟ್ಟರೆ ರೈತ ರಾತ್ರೋರಾತ್ರಿ ಇನ್ನೊಂದೂರಿಗೆ ಹೋಗಿಬಿಡುತ್ತಿದ್ದ. ಒಡೆಯರು ವಿಧಿಯಿಲ್ಲದೆ ಹಣದ ಗೇಣಿಗೆ ಒಪ್ಪಿಕೊಂಡರು. ಆದರೂ ಅಲ್ಲಲ್ಲಿ ಉಳಿದೇ ಇತ್ತು. 1574ರಲ್ಲಿ ರಾಣಿ ಎಲಿಜಬೆತ್ ತನ್ನ ಸ್ವಂತ ಜಮೀನುಗಳಲ್ಲಿ ಇನ್ನೂ ಜೀತಕ್ಕಿದ್ದವರನ್ನು ಬಿಡುಗಡೆ ಮಾಡಲು ಇಬ್ಬರು ಮಂತ್ರಿಗಳಿಗೆ ಅಧಿಕಾರ ಕೊಟ್ಟಳು. ಆ ಬಿಡುಗಡೆ ಬೇಕಾದವರು ಅದಕ್ಕೆ ಹಣ ಕಟ್ಟಬೇಕಿತ್ತು.