ಬರೆದಷ್ಟನ್ನೇ ಓದಿ: ಮ್ಯಾಜಿಕ್ ಆಟದ ಕಾಂಬ್ಯಾಟ್ ನಿಯಮಗಳು

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಸಾಗರ, ತೀರ್ಥಹಳ್ಳಿ, ಹೊಸನಗರದಿಂದ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದಿದ್ದೀರಿ. ಪೀಠಿಕೆ ಬೇಡ, ವಿಷಯಕ್ಕೇ ಬರೋಣ.

‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಕಾರ್ಡಿನ ಆಟವನ್ನು ರೂಪಿಸಿದವರು ರಿಚರ್ಡ್ ಗಾರ್ಫೀಲ್ಡ್. 1993ರಲ್ಲಿ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಅದನ್ನು ಹೊರತಂದಿತು. ನಮ್ಮ ಇಸ್ಪೀಟಿನಲ್ಲಿ ನಿಯಮ ಆಡುವವರ ತಲೆಯಲ್ಲಿರುತ್ತದೆ. ಸಾಗರದಲ್ಲಿ ಒಂದು ತರಹ, ಭದ್ರಾವತಿಯಲ್ಲಿ ಇನ್ನೊಂದು ತರಹ ಆಡಿದರೂ ನಡೆಯುತ್ತದೆ. ಇಲ್ಲಿ ನಿಯಮ ಕಾರ್ಡಿನ ಮೇಲೇ ಅಚ್ಚಾಗಿರುತ್ತದೆ. ಕಾರ್ಡಿಗೂ ನಿಯಮದ ಪುಸ್ತಕಕ್ಕೂ ತಾಳೆಯಾಗದಿದ್ದರೆ ಕಾರ್ಡಿನ ಮಾತೇ ನಡೆಯುತ್ತದೆ. ಒಂದು ಕಾರ್ಡು ‘ಮಾಡಬಹುದು’ ಎಂದು, ಇನ್ನೊಂದು ‘ಮಾಡುವಂತಿಲ್ಲ’ ಎಂದರೆ ‘ಮಾಡುವಂತಿಲ್ಲ’ ಗೆಲ್ಲುತ್ತದೆ.

ಈ ಕಾರ್ಡುಗಳು ಕನ್ನಡದಲ್ಲಿ ಬರುವುದಿಲ್ಲ. ಅದಕ್ಕೇ ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟೋ ಮಕ್ಕಳು ‘ನಮಗೆ ಇಂಗ್ಲಿಷ್ ಸಾಲದು’ ಅಂತ ಹಿಂದೆ ಕೂರುತ್ತಾರೆ. ನನಗೆ ಇದು ತುಂಬಾ ಬೇಜಾರಿನ ಸಂಗತಿ. ಕಾಂಬ್ಯಾಟಿಗೆ, ಅಂದರೆ ಕ್ರೀಚರ್ ಎಂಬ ಜೀವಿಗಳ ಕಾರ್ಡುಗಳು ಹೊಡೆದಾಡುವ ಭಾಗಕ್ಕೆ, ಬೇಕಾಗುವ ಪದಗಳು ಕೆಲವೇ. ಒಂದೊಂದು ಪದಕ್ಕೂ ಒಂದೇ ಕೆಲಸ, ಅದು ಬದಲಾಗುವುದಿಲ್ಲ. ಇಂಗ್ಲಿಷ್ ಸಲೀಸಾಗಿ ಬರುವವರೇ ಇಲ್ಲಿ ಜಾಸ್ತಿ ಎಡವುತ್ತಾರೆ, ಏಕೆಂದರೆ ಅವರು ಅರ್ಧ ಓದಿ ಇನ್ನರ್ಧ ಊಹಿಸಿಬಿಡುತ್ತಾರೆ.

ಕಾಂಬ್ಯಾಟಿಗೆ ಐದು ಹಂತ. ಮೊದಲು ಆರಂಭ. ಆಮೇಲೆ ಯಾರು ಅಟ್ಯಾಕ್ ಮಾಡುತ್ತಾರೆ ಎಂದು ಹೇಳುವುದು. ಆಮೇಲೆ ಯಾರು ಬ್ಲಾಕ್ ಮಾಡುತ್ತಾರೆ ಎಂದು ಹೇಳುವುದು. ನಾಲ್ಕನೆಯದು ಡ್ಯಾಮೇಜ್, ಕೊನೆಯದು ಮುಕ್ತಾಯ. ಯಾವ ಕಾರ್ಡು ಓದಿದರೂ ಮೊದಲು ಕೇಳಬೇಕಾದ್ದು ಒಂದೇ: ಇದು ಯಾವ ಹಂತದ ಮಾತು?

‘ವೆನ್‌ಎವರ್ ದಿಸ್ ಕ್ರೀಚರ್ ಅಟ್ಯಾಕ್ಸ್’ ಎಂಬ ಸಾಲು ನೋಡಿ, ಅಂದರೆ ‘ಈ ಕ್ರೀಚರ್ ಅಟ್ಯಾಕ್ ಮಾಡಿದಾಗಲೆಲ್ಲ’. ಇದು ಎರಡನೇ ಹಂತದಲ್ಲಿ ಆ ಕ್ರೀಚರನ್ನು ಅಟ್ಯಾಕಿಗೆ ಕಳಿಸಿದ ಆ ಗಳಿಗೆಯ ಮಾತು. ಆದರೆ ಕೆಲವು ಕಾರ್ಡುಗಳು ಹೊಸ ಕ್ರೀಚರನ್ನು ‘ಟ್ಯಾಪ್ಡ್ ಅಂಡ್ ಅಟ್ಯಾಕಿಂಗ್’ (ಕಾರ್ಡನ್ನು ಅಡ್ಡ ತಿರುಗಿಸಿ ಇಟ್ಟು, ಅಟ್ಯಾಕ್ ಮಾಡುತ್ತಿರುವ ಸ್ಥಿತಿ) ಆಗಿ ನೇರವಾಗಿ ಕಣಕ್ಕೆ ಇಳಿಸುತ್ತವೆ. ಆ ಕ್ರೀಚರ್ ಈಗ ಅಟ್ಯಾಕ್ ಮಾಡುತ್ತಿದೆ, ನಿಜ. ಆದರೆ ಅದನ್ನು ಯಾರೂ ಅಟ್ಯಾಕಿಗೆ ಕಳಿಸಲಿಲ್ಲ, ಕಳಿಸುವ ಹೊತ್ತು ಆಗಲೇ ಮುಗಿದಿತ್ತು. ಹಾಗಾಗಿ ಅದರ ಮೇಲೆ ‘ಅಟ್ಯಾಕ್ಸ್’ ಸಾಲು ಬರೆದಿದ್ದರೂ ಅದು ಕೆಲಸ ಮಾಡುವುದಿಲ್ಲ. ಒಂದು ಪದ ಗಳಿಗೆಯನ್ನು ಹೇಳುತ್ತದೆ, ಇನ್ನೊಂದು ಸ್ಥಿತಿಯನ್ನು. ಇಷ್ಟು ಹಿಡಿತಕ್ಕೆ ಬಂದರೆ ಅರ್ಧ ಜಗಳ ಕಡಿಮೆ, ಅಲ್ವಾ?

ಬ್ಲಾಕ್ ವಿಷಯದಲ್ಲೂ ಹೀಗೇ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ಅತಿ ಹೆಚ್ಚು ವಾದ ಆಗುವುದು ಇಲ್ಲೇ. ನಿಮ್ಮ 4/4 ಕ್ರೀಚರ್ ಅಟ್ಯಾಕ್ ಮಾಡಿದೆ (ಮೊದಲ ಅಂಕಿ ಪವರ್, ಅಂದರೆ ಅದು ಕೊಡುವ ಡ್ಯಾಮೇಜ್; ಎರಡನೆಯದು ಅದನ್ನು ಸಾಯಿಸಲು ಬೇಕಾದ ಡ್ಯಾಮೇಜ್). ಎದುರಾಳಿ ತನ್ನ 1/1 ಕ್ರೀಚರನ್ನು ಅಡ್ಡ ನಿಲ್ಲಿಸಿದ್ದಾನೆ. ಡ್ಯಾಮೇಜ್ ಆಗುವ ಮೊದಲೇ ನೀವು ಒಂದು ಸ್ಪೆಲ್ (ಮಂತ್ರದ ಕಾರ್ಡು) ಹಾಕಿ ಆ 1/1ನ್ನು ತೆಗೆದುಹಾಕಿದಿರಿ. ದಾರಿ ಖಾಲಿ ಆಯಿತು, ನಾಲ್ಕು ಡ್ಯಾಮೇಜ್ ಎದುರಾಳಿಗೇ ಹೋಗಬೇಕು ಅನ್ನಿಸುತ್ತದೆ. ಹೋಗುವುದಿಲ್ಲ. ಒಮ್ಮೆ ‘ಬ್ಲಾಕ್ಡ್’ ಆದ ಕ್ರೀಚರ್ ಆ ಕಾಂಬ್ಯಾಟ್ ಮುಗಿಯುವವರೆಗೂ ಬ್ಲಾಕ್ಡ್ ಆಗಿಯೇ ಇರುತ್ತದೆ, ಅಡ್ಡ ನಿಂತವರು ಇರಲಿ ಬಿಡಲಿ. ಬ್ಲಾಕ್ ಮಾಡಿದವನನ್ನು ಮೀರಿ ಹೊಡೆಯುವ ಟ್ರ್ಯಾಂಪಲ್ ಎಂಬ ಗುಣ ಇದ್ದರೆ ಮಾತ್ರ ಪೂರ್ತಿ ಡ್ಯಾಮೇಜ್ ಎದುರಾಳಿಗೆ ಹೋಗುತ್ತದೆ.

ಬ್ಲಾಕ್ ಆದಮೇಲೆ ನಿಮ್ಮ ಕ್ರೀಚರಿಗೆ ಫ್ಲೈಯಿಂಗ್ ಕೊಟ್ಟರೂ ಅಷ್ಟೇ, ಏನೂ ಪ್ರಯೋಜನ ಇಲ್ಲ. ಫ್ಲೈಯಿಂಗ್ ಹೇಳುವುದು ಯಾರು ಬ್ಲಾಕ್ ಮಾಡಬಹುದು ಎಂಬುದನ್ನು. ಆ ಪ್ರಶ್ನೆ ಕೇಳುವ ಹಂತ ದಾಟಿಹೋಗಿದೆ. ಟ್ಯಾಪ್ ಮಾಡುವುದೂ ಹಾಗೆಯೇ. ಎದುರಾಳಿಯ ಕ್ರೀಚರ್ ಅಟ್ಯಾಕ್ ಮಾಡಬಾರದು ಎಂದಿದ್ದರೆ ಅದನ್ನು ಮೊದಲ ಹಂತ ಮುಗಿಯುವುದರೊಳಗೆ ಟ್ಯಾಪ್ ಮಾಡಬೇಕು, ತಡ ಆದರೆ ಅವಕಾಶ ಹೋಯಿತು. ಬ್ಲಾಕ್ ಮಾಡಿ ನಿಂತ ಕ್ರೀಚರನ್ನು ಆಮೇಲೆ ಸುಮ್ನೆ ಟ್ಯಾಪ್ ಮಾಡಿದರೆ ಅದು ಡ್ಯಾಮೇಜ್ ಕೊಟ್ಟೇ ಕೊಡುತ್ತದೆ.

‘ಡ್ಯಾಮೇಜ್’ ಬೇರೆ, ‘ಕಾಂಬ್ಯಾಟ್ ಡ್ಯಾಮೇಜ್’ ಬೇರೆ. ನಾಲ್ಕನೇ ಹಂತದಲ್ಲಿ ಅಟ್ಯಾಕ್ ಮಾಡಿದವರೂ ಬ್ಲಾಕ್ ಮಾಡಿದವರೂ ಕೊಡುವುದು ಮಾತ್ರ ಕಾಂಬ್ಯಾಟ್ ಡ್ಯಾಮೇಜ್. ‘ಫೈಟ್’ ಎಂದು ಬರೆದಿದ್ದರೆ ಎರಡು ಕ್ರೀಚರ್‌ಗಳು ಒಂದಕ್ಕೊಂದು ತಮ್ಮ ಪವರ್‌ನಷ್ಟು ಡ್ಯಾಮೇಜ್ ಕೊಡುತ್ತವೆ. ಆದರೆ ಅದು ಕಾಂಬ್ಯಾಟ್ ಅಲ್ಲ. ಅಲ್ಲಿ ಫಸ್ಟ್ ಸ್ಟ್ರೈಕ್, ಅಂದರೆ ಮೊದಲು ಹೊಡೆಯುವ ಗುಣ, ಲೆಕ್ಕಕ್ಕೇ ಬರುವುದಿಲ್ಲ.

ಫಸ್ಟ್ ಸ್ಟ್ರೈಕ್ ಇರುವ ಕ್ರೀಚರ್ ಕಾಂಬ್ಯಾಟಿನಲ್ಲಿದ್ದರೆ ಡ್ಯಾಮೇಜ್ ಹಂತ ಎರಡಾಗುತ್ತದೆ. ಮೊದಲನೆಯದರಲ್ಲಿ ಅಂಥವರು ಹೊಡೆಯುತ್ತಾರೆ, ಉಳಿದವರಲ್ಲಿ ಬದುಕಿರುವವರು ಎರಡನೆಯದರಲ್ಲಿ ಹೊಡೆಯುತ್ತಾರೆ.

ಇನ್ನು, ಹಳೆಯ ಆಟಗಾರರ ಜೊತೆ ಕೂತಾಗ ಒಂದು ಎಚ್ಚರ ಇರಲಿ. 2009ರವರೆಗೆ ಡ್ಯಾಮೇಜ್ ಹಂಚಿದ ಮೇಲೆ ಕ್ರೀಚರನ್ನು ಬಲಿ ಕೊಟ್ಟರೂ ಅದರ ಹೊಡೆತ ತಲುಪುತ್ತಿತ್ತು. ಆ ವರ್ಷ ಅದನ್ನು ತೆಗೆದರು. ಹಲವರು ಸೇರಿ ಒಬ್ಬನನ್ನು ಬ್ಲಾಕ್ ಮಾಡಿದಾಗ ಅವರನ್ನು ಸಾಲಾಗಿ ನಿಲ್ಲಿಸಿ, ಆ ಸಾಲಿನ ಪ್ರಕಾರವೇ ಡ್ಯಾಮೇಜ್ ಹಂಚಬೇಕಿತ್ತು. 2024ರಲ್ಲಿ ಅದೂ ಹೋಯಿತು, ಈಗ ಅಟ್ಯಾಕ್ ಮಾಡಿದವರು ತಮಗೆ ಬೇಕಾದಂತೆ ಹಂಚಬಹುದು. ಹಿರಿಯರು ಸುಳ್ಳು ಹೇಳುತ್ತಿಲ್ಲ, ಅವರು ಕಲಿತಾಗ ಅದೇ ಸರಿಯಿತ್ತು. ಜಗಳ ಆಡಬೇಡಿ, ಈಗಿನ ನಿಯಮವನ್ನು ಫೋನಿನಲ್ಲಿ ತೆಗೆದು ಒಟ್ಟಿಗೆ ಓದಿ.

ಕೊನೆಗೆ ಒಂದು ಲೆಕ್ಕ. ಟ್ರ್ಯಾಂಪಲ್ ಇರುವ ಕ್ರೀಚರ್, ಬ್ಲಾಕ್ ಮಾಡಿದವನನ್ನು ಸಾಯಿಸುವಷ್ಟು ಡ್ಯಾಮೇಜ್ ಅವನಿಗೆ ಇಟ್ಟು, ಉಳಿದದ್ದನ್ನು ಎದುರಾಳಿಗೆ ಕೊಡಬಹುದು. ಡೆತ್‌ಟಚ್ ಇದ್ದರೆ ಸಾಯಿಸಲು ಒಂದೇ ಡ್ಯಾಮೇಜ್ ಸಾಕು. ಎರಡೂ ಇರುವ ಐದು ಪವರ್‌ನ ಕ್ರೀಚರನ್ನು ಒಂದು 3/6 ಕ್ರೀಚರ್ ಬ್ಲಾಕ್ ಮಾಡಿದೆ ಅಂತಿಟ್ಟುಕೊಳ್ಳಿ. ಎದುರಾಳಿಗೆ ಎಷ್ಟು ತಲುಪುತ್ತದೆ? ನಾಲ್ಕು. ಹೌದು, ಹಿಂದೆ ಕೂತವರಿಂದ ಸರಿಯಾದ ಉತ್ತರ ಬಂತು.

ಈಗ ನಿಮ್ಮ ಕಾರ್ಡುಗಳನ್ನು ಮುಂದೆ ತನ್ನಿ. ಅರ್ಥವಾಗದ ಸಾಲು ಯಾವುದೇ ಇರಲಿ, ಜೋರಾಗಿ ಓದಿ ಹೇಳಿ, ಒಂದೊಂದಾಗಿ ಬಿಡಿಸೋಣ.