ಒಂದು ಗಡಿ, ಹತ್ತಾರು ಪುಟ್ಟ ಊರುಗಳು: ಲಿಥುವೇನಿಯಾದ ಶಿಲುತೆ ಜಿಲ್ಲೆ

ಎಲ್ಲರಿಗೂ ನಮಸ್ಕಾರ.

ಲಿಥುವೇನಿಯಾದ ಇತಿಹಾಸ ಹೇಳಿ ಅಂದರೆ ಹೆಚ್ಚಿನವರು ರಾಜಧಾನಿ ವಿಲ್ನಿಯಸ್‌ನಿಂದ ಶುರು ಮಾಡುತ್ತಾರೆ. ನಾನು ಇವತ್ತು ಆ ದೇಶದ ಪಶ್ಚಿಮದ ತುದಿಗೆ ಹೋಗುತ್ತೇನೆ. ಅಲ್ಲಿ ಶಿಲುತೆ ಅಂತ ಒಂದು ಜಿಲ್ಲೆ ಇದೆ. ಪಶ್ಚಿಮಕ್ಕೆ ಕುರೋನಿಯನ್ ಲಗೂನ್, ಅಂದರೆ ಮರಳಿನ ದಿಬ್ಬಗಳು ಸಮುದ್ರದಿಂದ ಬೇರೆ ಮಾಡಿದ ದೊಡ್ಡ ಹಿನ್ನೀರು. ದಕ್ಷಿಣಕ್ಕೆ ನೆಮುನಸ್ ನದಿಯ ಮುಖಜ ಭೂಮಿ. ನದಿಯ ಆಚೆ ದಡ ಈಗ ರಷ್ಯಾದ ಕಲಿನಿನ್‌ಗ್ರಾದ್ ಪ್ರಾಂತ್ಯ.

ಈ ಜಿಲ್ಲೆಯಲ್ಲಿ ಹಳ್ಳಿಗಿಂತ ದೊಡ್ಡದು, ನಗರಕ್ಕಿಂತ ಚಿಕ್ಕದು ಅನ್ನಬಹುದಾದ ಊರುಗಳು ಸುಮಾರಿವೆ. ಲಿಥುವೇನಿಯಾದ ಕಾನೂನಿನಲ್ಲಿ ಇಂಥ ಊರಿಗೆ ಬೇರೆಯೇ ಒಂದು ದರ್ಜೆ ಇದೆ. ಸಾಮಾನ್ಯವಾಗಿ 500ರಿಂದ 3000 ಜನ ಇರುವ ಊರುಗಳವು. ರುಸ್ನೆ, ಕಿಂತೈ, ಸೌಗಾಸ್, ಕಟೀಚೈ, ಶ್ವೇಕ್ಷ್ನಾ, ವೈನುತಸ್, ಝೆಮೈಚು ನೌಮ್ಯೆಸ್ತಿಸ್. ಹೆಸರುಗಳು ನಾಲಿಗೆಗೆ ಹೊಸತು, ನಿಜ. ಎಲ್ಲವನ್ನೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ರುಸ್ನೆ ಮತ್ತು ನೌಮ್ಯೆಸ್ತಿಸ್, ಇವೆರಡು ನೆನಪಿದ್ದರೆ ಸಾಕು.

ಏಕೆಂದರೆ ಈ ಎರಡು ಊರುಗಳ ನಡುವೆ ಐನೂರು ವರ್ಷ ಒಂದು ಗಡಿ ಹಾದುಹೋಗಿತ್ತು. ಈ ಜಿಲ್ಲೆಯ ಕತೆ ಅರ್ಥವಾಗಬೇಕಾದರೆ ಮೊದಲು ಆ ಗೆರೆಯನ್ನು ಮನಸ್ಸಿನಲ್ಲಿ ಎಳೆದುಕೊಳ್ಳಬೇಕು.

1422ರಲ್ಲಿ ಮೆಲ್ನೊ ಎಂಬಲ್ಲಿ ಒಂದು ಒಪ್ಪಂದವಾಯಿತು. ಒಂದು ಕಡೆ ಜರ್ಮನ್ ಧರ್ಮಯೋಧರ ಟ್ಯೂಟಾನಿಕ್ ಸಂಘ, ಇನ್ನೊಂದು ಕಡೆ ಪೋಲೆಂಡ್ ಮತ್ತು ಲಿಥುವೇನಿಯಾ. ಅಂದು ನಿಗದಿಯಾದ ಗಡಿ ಮೊದಲ ಮಹಾಯುದ್ಧ ಮುಗಿಯುವವರೆಗೂ ಹೆಚ್ಚುಕಡಿಮೆ ಅಲ್ಲೇ ಉಳಿಯಿತು. ಯುರೋಪಿನಲ್ಲಿ ಇಷ್ಟು ಕಾಲ ಕದಲದೆ ನಿಂತ ಗಡಿ ಬಹಳ ಅಪರೂಪ. ಗೆರೆಯ ಪಶ್ಚಿಮದ ನೆಲ ಮುಂದೆ ಪ್ರಷ್ಯಾ ಆಯಿತು, ಆಮೇಲೆ ಜರ್ಮನಿ. ಪೂರ್ವದ ನೆಲ ಲಿಥುವೇನಿಯಾದ ಮಹಾಸಂಸ್ಥಾನದಲ್ಲಿತ್ತು, 1795ರ ನಂತರ ರಷ್ಯಾದ ಚಕ್ರವರ್ತಿಯ ಕೈಗೆ ಹೋಯಿತು. ಗೆರೆಯ ಎರಡೂ ಕಡೆ ಹೊಲದಲ್ಲಿ ದುಡಿಯುವವರು ಆಡುತ್ತಿದ್ದದ್ದು ಲಿಥುವೇನಿಯನ್ ಭಾಷೆಯನ್ನೇ. ಆದರೆ 1525ರಲ್ಲಿ ಪ್ರಷ್ಯಾ ಲೂಥರನ್ ಪಂಥಕ್ಕೆ ಹೊರಳಿತು. ಪೂರ್ವದವರು ಕ್ಯಾಥೊಲಿಕರಾಗಿಯೇ ಉಳಿದರು. ಒಂದೇ ಮಾತಾಡುವ ಜನ ಬೇರೆ ಚರ್ಚಿಗೆ ಹೋದರು, ಬೇರೆ ರಾಜನಿಗೆ ತೆರಿಗೆ ಕಟ್ಟಿದರು, ಬೇರೆ ಲಿಪಿಯ ಪುಸ್ತಕ ಓದಿದರು. ಇವತ್ತಿಗೂ ಒಂದು ಊರಿನ ಚರ್ಚು ನೋಡಿಯೇ ಅದು ಗೆರೆಯ ಯಾವ ಕಡೆ ಇತ್ತು ಅಂತ ಬಹುಮಟ್ಟಿಗೆ ಹೇಳಿಬಿಡಬಹುದು.

ಮೊದಲು ಪಶ್ಚಿಮದ ಕಡೆ ನೋಡೋಣ. ಜಿಲ್ಲೆಯ ಕೇಂದ್ರವಾದ ಶಿಲುತೆಯೇ ಒಂದು ಹೆಂಡದಂಗಡಿಯಿಂದ ಬೆಳೆದ ಊರು. 1511ರಲ್ಲಿ ಗೆಯೋರ್ಗ್ ತಲಾತ್ ಎಂಬಾತ ದಾರಿಬದಿಯ ಒಂದು ಛತ್ರವನ್ನು ಕೊಂಡ ದಾಖಲೆ ಇದೆ. ಊಟ, ಮದ್ಯ, ರಾತ್ರಿ ತಂಗಲು ಜಾಗ, ಎಲ್ಲವೂ ಅಲ್ಲಿ ಸಿಗುತ್ತಿತ್ತು. ಆ ವರ್ಷವನ್ನೇ ಊರಿನ ಹುಟ್ಟು ಅಂತ ಲೆಕ್ಕ ಹಿಡಿಯುತ್ತಾರೆ. ಅದರ ಸುತ್ತ ಸಂತೆ ಸೇರಿತು. ಲಗೂನಿನ ಬೆಸ್ತರು ಮೀನು ತಂದರು, ಗಡಿಯಾಚೆಯ ರೈತರು ಧಾನ್ಯ ಮತ್ತು ಜಾನುವಾರು ತಂದರು. 1875ರಲ್ಲಿ ರೈಲು ಬಂತು. 1889ರಲ್ಲಿ ಹ್ಯೂಗೊ ಶಾಯ್ ಎಂಬ ಜಮೀನುದಾರ ಇಲ್ಲಿನ ಎಸ್ಟೇಟ್ ಕೊಂಡರು. ಊರಿನ ಕಟ್ಟಡಗಳಿಗೆ ಜಾಗ ಬಿಟ್ಟುಕೊಟ್ಟರು, ಜರ್ಮನ್ ಮನೆಮಾತಿನವರಾಗಿದ್ದೂ ಲಿಥುವೇನಿಯನ್ ಜನಪದ ಕತೆಗಳನ್ನೂ ಹಳೆಯ ವಸ್ತುಗಳನ್ನೂ ಕೂಡಿಟ್ಟರು. ಅವರ ಬಂಗಲೆ ಈಗ ಜಿಲ್ಲೆಯ ಮ್ಯೂಸಿಯಂ. ಇಷ್ಟೆಲ್ಲ ಬೆಳೆದರೂ ಶಿಲುತೆಗೆ ನಗರದ ಹಕ್ಕು ಸಿಕ್ಕಿದ್ದು 1941ರಲ್ಲಿ.

ರುಸ್ನೆಯದು ಬೇರೆಯೇ ಬದುಕು. ನೆಮುನಸ್ ನದಿ ಈ ಊರಿನ ಹತ್ತಿರ ಅತ್ಮತಾ ಮತ್ತು ಸ್ಕಿರ್ವೀತೆ ಎಂಬ ಎರಡು ಕವಲಾಗುತ್ತದೆ. ನಡುವಿನ ದ್ವೀಪವೇ ರುಸ್ನೆ. ದ್ವೀಪದ ಕೆಲವು ಕಡೆ ನೆಲ ಸಮುದ್ರ ಮಟ್ಟಕ್ಕಿಂತ ತಗ್ಗು. ಹಾಗಾಗಿ ಅಲ್ಲಿ ಒಡ್ಡು ಕಟ್ಟಿ, ನೀರು ಎತ್ತಿ ಹೊರಹಾಕಿಯೇ ಬೇಸಾಯ ಮಾಡಬೇಕು. ಊಸ್ತದ್ವಾರಿಸ್ ಎಂಬಲ್ಲಿ 1907ರ ಹಬೆ ಚಾಲಿತ ಪಂಪ್‌ಹೌಸ್ ಇದೆ. ಹತ್ತಿರವೇ 1876ರ ದೀಪಸ್ತಂಭ.

ಈ ಊರನ್ನು ಸಾಕಿದ್ದು ಎರಡು ಕಸುಬು: ಮೀನು ಮತ್ತು ಮರ. ರಷ್ಯಾ ಸಾಮ್ರಾಜ್ಯದ ಕಾಡುಗಳಲ್ಲಿ ಕಡಿದ ದಿಮ್ಮಿಗಳನ್ನು ತೆಪ್ಪವಾಗಿ ಕಟ್ಟಿ ನೆಮುನಸ್ ನದಿಯಲ್ಲಿ ತೇಲಿಬಿಡುತ್ತಿದ್ದರು. ಅವು ರುಸ್ನೆಗೆ ಬಂದು ಮುಟ್ಟುತ್ತಿದ್ದವು. ಇಲ್ಲಿ ವ್ಯಾಪಾರ, ಇಲ್ಲಿ ಕೊಯ್ಯುವ ಕಾರ್ಖಾನೆ. ಆದರೆ ಇಲ್ಲಿಂದ ಮುಂದೆ ಬಂದರಿಗೆ ಲಗೂನಿನ ಮೇಲೆ ತೆಪ್ಪ ಸಾಗಿಸುವುದು ಅಪಾಯ. ಗಾಳಿ ಎದ್ದರೆ ದಿಮ್ಮಿಗಳು ಚೆಲ್ಲಾಪಿಲ್ಲಿ. ಅದಕ್ಕೇ 1863ರಿಂದ 1873ರವರೆಗೆ ಕ್ಲೈಪೆಡಾ ಬಂದರಿನತ್ತ ಒಂದು ಕಾಲುವೆ ತೋಡಿದರು. ಕೊನೆಯ ಹಂತದಲ್ಲಿ ಫ್ರಾನ್ಸ್-ಪ್ರಷ್ಯಾ ಯುದ್ಧದ ಫ್ರೆಂಚ್ ಕೈದಿಗಳನ್ನು ಆ ಕೆಲಸಕ್ಕೆ ಹಚ್ಚಿದ್ದರು.

ಇಲ್ಲಿನ ಬೆಸ್ತರ ದೋಣಿಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1844ರಲ್ಲಿ ಪ್ರಷ್ಯಾ ಸರ್ಕಾರ ಒಂದು ನಿಯಮ ತಂದಿತು: ಪ್ರತಿ ದೋಣಿಯ ಕಂಬದ ಮೇಲೆ ಆ ಹಳ್ಳಿಯ ಗುರುತಿನ ಬಾವುಟ ಇರಬೇಕು. ಯಾರು ಎಲ್ಲಿ ಬಲೆ ಹಾಕುತ್ತಿದ್ದಾರೆ ಅಂತ ಅಧಿಕಾರಿಗೆ ದೂರದಿಂದಲೇ ತಿಳಿಯಲಿ ಅನ್ನುವುದು ಉದ್ದೇಶ. ಬೆಸ್ತರು ನಿಯಮ ಪಾಲಿಸಿದರು, ಅಷ್ಟಕ್ಕೇ ನಿಲ್ಲಲಿಲ್ಲ. ಬಾವುಟದ ಸುತ್ತ ಮರದ ಚೌಕಟ್ಟು ಬಂತು. ಚಳಿಗಾಲದಲ್ಲಿ ಕೂತು ಅದರಲ್ಲಿ ಮನೆ, ಚರ್ಚು, ಮರ, ಮನುಷ್ಯರನ್ನು ಕೆತ್ತಿದರು, ಬಣ್ಣ ಬಳಿದರು. ತಪಾಸಣೆಯ ಗುರುತು ಅವರ ಕೈಯಲ್ಲಿ ಕಲೆಯಾಯಿತು. ಈಗ ಆ ಕರಾವಳಿಯುದ್ದಕ್ಕೂ ಕಾಣುವ, ಗಾಳಿಯ ದಿಕ್ಕು ತೋರುವ ಪಟ್ಟಿಗಳು ಅವೇ.

ಲಗೂನಿನ ದಡದ ಕಿಂತೈ ಊರಿನ ಚರ್ಚಿಗೂ ಒಂದು ಕತೆ ಇದೆ. 1702ರಲ್ಲಿ ವೆಂತೆ ಎಂಬ ಭೂಶಿರದ ಹಳೆಯ ಚರ್ಚು ಬಿರುಗಾಳಿಗೆ ಬಿದ್ದುಹೋಯಿತು. ಅದರ ಕಲ್ಲುಗಳನ್ನು ಕಿಂತೈಗೆ ತಂದು 1705ರಲ್ಲಿ ಹೊಸ ಚರ್ಚು ಕಟ್ಟಿದರು. ಚರ್ಚು ಬಂದ ಮೇಲೆಯೇ ಕಿಂತೈ ಸುತ್ತಲಿನ ಹಳ್ಳಿಗಳಿಗೆ ಕೇಂದ್ರವಾದದ್ದು. ವೆಂತೆಯಲ್ಲಿ 1929ರಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆ ಅಧ್ಯಯನ ಮಾಡುವ ಕೇಂದ್ರ ನಡೆಯುತ್ತಿದೆ. ಅಲ್ಲೇ ಸಮೀಪದ ಮಿನಿಯಾ ಎಂಬ ಹಳ್ಳಿಯಲ್ಲಿ ನದಿಯೇ ಮುಖ್ಯ ಬೀದಿ. ಮನೆಗಳೆಲ್ಲ ನೀರಿಗೆ ಮುಖ ಮಾಡಿವೆ.

ಈಗ ಗೆರೆ ದಾಟಿ ಪೂರ್ವಕ್ಕೆ ಬನ್ನಿ. ಶಿಲುತೆಯಿಂದ ನೌಮ್ಯೆಸ್ತಿಸ್‌ಗೆ ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲ. ಆದರೆ ಊರಿನ ಸ್ವರೂಪವೇ ಬೇರೆ. ನಡುವೆ ಸಂತೆ ಚೌಕ, ಅದರ ಸುತ್ತ ಅಂಗಡಿಗಳು. ಕ್ಯಾಥೊಲಿಕರ ಮರದ ಚರ್ಚು, 1842ರ ಲೂಥರನ್ ಚರ್ಚು, 19ನೇ ಶತಮಾನದ ಆರಂಭದಲ್ಲಿ ಗಟ್ಟಿಯಾಗಿ ಕಟ್ಟಿದ ಯಹೂದಿಗಳ ಸಿನಗಾಗ್. ಮೂರಕ್ಕೂ ನಡೆದೇ ಹೋಗಬಹುದು. ವ್ಯಾಪಾರ ಬಹುಪಾಲು ಯಹೂದಿಗಳ ಕೈಯಲ್ಲಿತ್ತು. ಧಾನ್ಯ, ಅಗಸೆ ನಾರು, ಕುದುರೆ, ಹೆಬ್ಬಾತು, ಇವೆಲ್ಲ ಇಲ್ಲಿಂದ ಪ್ರಷ್ಯಾಕ್ಕೆ ಹೋಗುತ್ತಿದ್ದವು. ಗಡಿ ಇದ್ದದ್ದರಿಂದಲೇ ಈ ಊರಿಗೆ ಅನ್ನ. ಗಡಿ ಜನರನ್ನು ಬೇರೆ ಮಾಡುತ್ತದೆ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ, ಅಲ್ವಾ? ಇಲ್ಲಿ ಬೆಲೆ ಬೇರೆ, ಕಾನೂನು ಬೇರೆ ಅನ್ನುವ ಕಾರಣಕ್ಕೇ ಜನ ದಿನವೂ ಅತ್ತಿಂದಿತ್ತ ಓಡಾಡಿದರು.

ಆ ಓಡಾಟದಲ್ಲಿ ಅತ್ಯಂತ ದೊಡ್ಡದು ಪುಸ್ತಕದ್ದು. ತನ್ನ ಆಳ್ವಿಕೆಯ ವಿರುದ್ಧ ಎದ್ದ 1863ರ ದಂಗೆಯನ್ನು ಹತ್ತಿಕ್ಕಿದ ಮೇಲೆ ರಷ್ಯಾ ಸರ್ಕಾರ ಲ್ಯಾಟಿನ್ ಲಿಪಿಯಲ್ಲಿ ಲಿಥುವೇನಿಯನ್ ಪುಸ್ತಕ ಅಚ್ಚು ಹಾಕುವುದನ್ನು ನಿಷೇಧಿಸಿತು. ಬೇಕಾದರೆ ರಷ್ಯನ್ ಲಿಪಿಯಲ್ಲಿ ಬರೆಯಿರಿ ಅಂದಿತು. ಜನ ಒಪ್ಪಲಿಲ್ಲ. ಪ್ರಷ್ಯಾದಲ್ಲಿ ಆ ನಿಷೇಧ ಇರಲಿಲ್ಲ, ನೆಮುನಸ್ ದಡದ ತಿಲ್ಸಿತ್ ಪಟ್ಟಣದ ಮುದ್ರಣಾಲಯಗಳು ಕೆಲಸಕ್ಕೆ ನಿಂತವು. ಅಲ್ಲಿಂದ ಪ್ರಾರ್ಥನೆ ಪುಸ್ತಕ, ಪಂಚಾಂಗ, ಮಕ್ಕಳ ಮೊದಲ ಪಾಠ, ಪತ್ರಿಕೆ ಎಲ್ಲವೂ ರಾತ್ರಿ ಹೊತ್ತು ಗಡಿ ದಾಟುತ್ತಿದ್ದವು. ಹುಲ್ಲಿನ ಗಾಡಿಯಲ್ಲಿ, ಬಟ್ಟೆಯೊಳಗೆ ಮೈಗೆ ಕಟ್ಟಿಕೊಂಡು, ಗೋಣಿ ಹೊತ್ತು. ಸಿಕ್ಕಿಬಿದ್ದರೆ ಜೈಲು ಅಥವಾ ಸೈಬೀರಿಯಾ. 1904ರಲ್ಲಿ ನಿಷೇಧ ತೆಗೆಯುವವರೆಗೆ, ಸುಮಾರು ನಲವತ್ತು ವರ್ಷ ಇದು ನಡೆಯಿತು. ಹೊತ್ತವರಲ್ಲಿ ಹೆಚ್ಚಿನವರು ಸಾಮಾನ್ಯ ರೈತರು. ಒಂದು ಭಾಷೆಯನ್ನು ಬೆನ್ನ ಮೇಲೆ ಹೊತ್ತು ಉಳಿಸಿದ ಜನ ಇವರು. ಭಾಷೆಯನ್ನು ಪ್ರೀತಿಸುವ ಯಾರಿಗಾದರೂ ಇವರ ಬಗ್ಗೆ ಗೌರವ ಹುಟ್ಟದೆ ಇರುವುದಿಲ್ಲ.

ಈ ಗಡಿ ದಾಟಿದ ಇನ್ನೊಬ್ಬರು ನಮಗೆ ಗೊತ್ತಿರುವವರೇ. ಗಾಂಧೀಜಿಯವರ ದಕ್ಷಿಣ ಆಫ್ರಿಕಾದ ಆಪ್ತ ಗೆಳೆಯ ಹರ್ಮನ್ ಕಾಲನ್‌ಬಾಖ್. 1910ರಲ್ಲಿ ಜೊಹಾನ್ಸ್‌ಬರ್ಗ್ ಹತ್ತಿರ ತಮ್ಮ 1100 ಎಕರೆ ಜಮೀನನ್ನು ಸತ್ಯಾಗ್ರಹಿಗಳ ಕುಟುಂಬಗಳಿಗೆ ಬಿಟ್ಟುಕೊಟ್ಟವರು. ಟಾಲ್‌ಸ್ಟಾಯ್ ಫಾರ್ಮ್ ಎದ್ದದ್ದು ಆ ಜಾಗದಲ್ಲಿ. ಅವರು 1871ರಲ್ಲಿ ಹುಟ್ಟಿದ್ದು ಈ ನೌಮ್ಯೆಸ್ತಿಸ್‌ನಲ್ಲಿ, ಯಹೂದಿ ಮನೆತನದಲ್ಲಿ. ಬೆಳೆದದ್ದು ಗಡಿಯಾಚೆಯ ರುಸ್ನೆಯಲ್ಲಿ. ಮುಂದೆ ಜರ್ಮನಿಯಲ್ಲಿ ವಾಸ್ತುಶಿಲ್ಪ ಕಲಿತು 1896ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದರು. 2015ರಲ್ಲಿ ರುಸ್ನೆಯಲ್ಲಿ, ಅತ್ಮತಾ ದಡದಲ್ಲಿ, ಗಾಂಧಿ ಮತ್ತು ಕಾಲನ್‌ಬಾಖ್ ಜೊತೆಯಾಗಿ ನಿಂತ ಪ್ರತಿಮೆ ಸ್ಥಾಪಿಸಿದರು.

ಅದೇ ಕಾಲದಲ್ಲಿ, ಅದೇ ಸುತ್ತಿನಲ್ಲಿ ಭಾರತದತ್ತ ಮುಖ ಮಾಡಿದ ಇನ್ನೊಬ್ಬರಿದ್ದರು ಅನ್ನುವುದು ನನಗೆ ಬಹಳ ಇಷ್ಟದ ಸಂಗತಿ. ವೀದೂನಸ್ ಎಂಬ ಹೆಸರಿನಿಂದ ಪ್ರಸಿದ್ಧರಾದ ವಿಲ್ಹೆಲ್ಮಾಸ್ ಸ್ಟೊರೊಸ್ತಾ. 1868ರಲ್ಲಿ ಶಿಲುತೆ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದರು. 1888ರಿಂದ 1892ರವರೆಗೆ ಕಿಂತೈ ಶಾಲೆಯ ಮೇಷ್ಟ್ರು. ಸಸ್ಯಾಹಾರಿ, ನಾಟಕಕಾರ, ಗಾಯಕವೃಂದದ ನಿರ್ದೇಶಕ. ಉಪನಿಷತ್ತಿನ ಚಿಂತನೆ ಅವರನ್ನು ಸೆಳೆಯಿತು, ಕೊನೆಗೆ ಭಗವದ್ಗೀತೆಯನ್ನು ಲಿಥುವೇನಿಯನ್ ಭಾಷೆಗೆ ತಂದರು. ಜರ್ಮನ್ನರ ನಡುವೆ ಲಿಥುವೇನಿಯನ್ನರ ಹಕ್ಕಿನ ಬಗ್ಗೆ ಬರೆದದ್ದಕ್ಕೆ ನಾತ್ಸಿ ಸರ್ಕಾರ 1938ರಲ್ಲಿ ಅವರನ್ನು ಜೈಲಿಗೆ ಹಾಕಿತು. ಕಿಂತೈ ಶಾಲೆ ಈಗ ಅವರ ಮ್ಯೂಸಿಯಂ.

1923ರಲ್ಲಿ ಪಶ್ಚಿಮದ ಭಾಗವೂ ಹೊಸ ಲಿಥುವೇನಿಯಾಕ್ಕೆ ಸೇರಿತು. ಹಳೆಯ ಗೆರೆ ಅಳಿಸಿತು ಅನ್ನುವಷ್ಟರಲ್ಲಿ, 1939ರ ಮಾರ್ಚ್‌ನಲ್ಲಿ ಹಿಟ್ಲರ್ ಆ ಭಾಗವನ್ನು ಕಸಿದುಕೊಂಡ. ಗಡಿ ಹೆಚ್ಚುಕಡಿಮೆ ಹಳೆಯ ಜಾಗದಲ್ಲೇ ಮತ್ತೆ ಎದ್ದಿತು.

1941ರ ಜೂನ್ 22ರಂದು ಜರ್ಮನ್ ಸೈನ್ಯ ಈ ಗಡಿ ದಾಟಿ, ಆ ಹೊತ್ತಿಗೆ ಸೋವಿಯತ್ ಒಕ್ಕೂಟದ ಕೈಗೆ ಹೋಗಿದ್ದ ಪೂರ್ವದ ನೆಲಕ್ಕೆ ನುಗ್ಗಿತು. ಗಡಿಗೆ ಅಂಟಿಕೊಂಡ ಊರುಗಳ ಯಹೂದಿಗಳಿಗೆ ತಪ್ಪಿಸಿಕೊಳ್ಳಲು ಸಮಯವೇ ಸಿಗಲಿಲ್ಲ. ನೌಮ್ಯೆಸ್ತಿಸ್, ಶ್ವೇಕ್ಷ್ನಾ, ವೈನುತಸ್ ಊರುಗಳ ಗಂಡಸರಲ್ಲಿ ಕೆಲವರನ್ನು ಕೂಡಲೇ ಗುಂಡಿಟ್ಟು ಕೊಂದರು, ಕೆಲವರನ್ನು ಶಿಲುತೆ ಸುತ್ತಲಿನ ದುಡಿಮೆ ಶಿಬಿರಗಳಿಗೆ ಎಳೆದೊಯ್ದರು. ಅಲ್ಲಿ ಉಳಿದವರನ್ನು 1943ರಲ್ಲಿ ಆಶ್ವಿತ್ಸ್ ಎಂಬ ನಾತ್ಸಿಗಳ ಸಾವಿನ ಶಿಬಿರಕ್ಕೆ ಸಾಗಿಸಿದರು. ಹೆಂಗಸರನ್ನೂ ಮಕ್ಕಳನ್ನೂ ಅದೇ 1941ರಲ್ಲಿ ಕಾಡಿನಲ್ಲಿ ಕೊಂದರು. ಕೊಂದವರಲ್ಲಿ ಜರ್ಮನ್ನರ ಜೊತೆ ಸ್ಥಳೀಯರೂ ಇದ್ದರು. ಸಂತೆ ಚೌಕದ ಅಂಗಡಿಗಳು ಉಳಿದವು, ಅಂಗಡಿಯವರು ಉಳಿಯಲಿಲ್ಲ.

ಮೂರು ವರ್ಷದ ಮೇಲೆ ಪಶ್ಚಿಮದ ಕಡೆಯೂ ಖಾಲಿಯಾಯಿತು. 1944ರ ಅಕ್ಟೋಬರ್‌ನಲ್ಲಿ ಕೆಂಪು ಸೈನ್ಯ ಹತ್ತಿರ ಬಂದಾಗ ರುಸ್ನೆ, ಕಿಂತೈ, ಸೌಗಾಸ್ ಊರುಗಳ ಲೂಥರನ್ ಜನ ಗಾಡಿ ಕಟ್ಟಿಕೊಂಡು ಜರ್ಮನಿಯತ್ತ ಹೊರಟರು. ಯುದ್ಧದ ನಂತರ ಕೆಲವರು ಹಿಂತಿರುಗಿದರು. ಅವರಲ್ಲೂ ಬಹಳಷ್ಟು ಜನ 1958ರ ಸೋವಿಯತ್-ಜರ್ಮನ್ ಒಪ್ಪಂದದ ಮೇಲೆ ಪಶ್ಚಿಮ ಜರ್ಮನಿಗೆ ಹೋಗಿಬಿಟ್ಟರು. ಖಾಲಿ ಮನೆಗಳಿಗೆ ಪೂರ್ವದ ಕಡೆಯ ಕ್ಯಾಥೊಲಿಕರು, ಬೇರೆ ಬೇರೆ ಕಡೆಯ ವಲಸಿಗರು ಬಂದರು. ಶಿಲುತೆ ಪಕ್ಕದ ಮಾಸಿಕೈ ಹಳ್ಳಿಯಲ್ಲಿ ಜರ್ಮನ್ನರು ಕಟ್ಟಿದ ಯುದ್ಧಕೈದಿಗಳ ಶಿಬಿರವನ್ನು ಸೋವಿಯತ್ ಆಡಳಿತ ಹಾಗೇ ಮುಂದುವರಿಸಿ, 1955ರವರೆಗೂ ತನ್ನ ಕೈದಿಗಳನ್ನು ಇಟ್ಟಿತು.

ಹದಿನೈದು ಇಪ್ಪತ್ತು ವರ್ಷದಲ್ಲಿ ಊರುಗಳ ಜನ ಬಹುಪಾಲು ಬದಲಾದರು. ಹೀಗಾಗಿ ಇಲ್ಲಿ ಅಜ್ಜಿ ಮೊಮ್ಮಗನಿಗೆ ಈ ಮನೆ ಯಾರು ಕಟ್ಟಿದ್ದು ಅಂತ ಹೇಳುವ ಸಾಧ್ಯತೆ ಕಡಿಮೆ. ಅಜ್ಜಿಯೇ ಆ ಮನೆಗೆ ಹೊಸಬಳು. ಈ ಜಿಲ್ಲೆಯಲ್ಲಿ ಸ್ಥಳೀಯ ಇತಿಹಾಸದ ಕೆಲಸ ಅಷ್ಟು ಮುಖ್ಯವಾಗುವುದು ಇದೇ ಕಾರಣಕ್ಕೆ ಅಂತ ನಾನು ನಂಬುತ್ತೇನೆ. ಶಾಯ್ ಮ್ಯೂಸಿಯಂನವರು, ಊರಿನ ಮೇಷ್ಟ್ರುಗಳು, ಗ್ರಂಥಪಾಲಕರು ಹಳೆಯ ಸ್ಮಶಾನದ ಜರ್ಮನ್ ಮತ್ತು ಹೀಬ್ರೂ ಅಕ್ಷರಗಳನ್ನು ಬಿಡಿಸಿ ಓದುತ್ತಾರೆ. ತಮ್ಮ ಪೂರ್ವಜರಲ್ಲದವರ ಕತೆಯನ್ನು ತಮ್ಮ ಊರಿನ ಕತೆ ಅಂತ ಒಪ್ಪಿಕೊಂಡು ಕಾಪಾಡುತ್ತಾರೆ. ಅದು ಸಣ್ಣ ಕೆಲಸ ಅಲ್ಲ.

1990ರಲ್ಲಿ ದೇಶ ಸ್ವತಂತ್ರವಾದ ಮೇಲೆ ಸಾಮೂಹಿಕ ಜಮೀನುಗಳು ಮುಚ್ಚಿದವು. ಜನ ಕ್ಲೈಪೆಡಾಕ್ಕೆ ಹೋದರು, ಬ್ರಿಟನ್, ನಾರ್ವೆ ಕಡೆಗೂ ಹೋದರು. ರುಸ್ನೆಗೆ ಈಗ ಬೇಸಿಗೆಯಲ್ಲಿ ಪ್ರವಾಸಿಗರೇ ಜಾಸ್ತಿ. ಅಲ್ಲಿ ಬದುಕು ಹಿಡಿದಿಡುವುದು ಎಷ್ಟು ಕಷ್ಟ ಅನ್ನುವುದಕ್ಕೆ ರಸ್ತೆಯೊಂದೇ ಸಾಕು. ದ್ವೀಪಕ್ಕೆ ಸೇತುವೆ ಆದದ್ದು 1974ರಲ್ಲಿ. ಆದರೂ ಹಿಮ ಕರಗಿ ಪ್ರವಾಹ ಬಂದಾಗ ಸೇತುವೆಗೆ ಹೋಗುವ ರಸ್ತೆಯೇ ಮುಳುಗುತ್ತಿತ್ತು. ಕಾರುಗಳನ್ನು ಟ್ರೇಲರ್ ಮೇಲೆ ಹತ್ತಿಸಿ ಟ್ರ್ಯಾಕ್ಟರ್‌ನಲ್ಲಿ ದಾಟಿಸಬೇಕಿತ್ತು. ಆಸ್ಪತ್ರೆಗೂ ಹಾಗೇ, ಕೆಲಸಕ್ಕೂ ಹಾಗೇ. 2019ರಲ್ಲಿ ಆ ತಗ್ಗಿನ ಮೇಲೆ ಮೇಲ್ಸೇತುವೆ ತೆರೆಯಿತು. ಈಗ ಪ್ರವಾಹದ ತಿಂಗಳುಗಳಲ್ಲೂ ರುಸ್ನೆಯವರು ತಮ್ಮ ಗಾಡಿಯಲ್ಲೇ ಶಿಲುತೆಗೆ ಹೋಗಿ ಬರುತ್ತಾರೆ.