ಘಂಟೆ ಕೇಳಿದರೆ ಇನ್ನೊಂದು ಬಾಗಿಲು: ಕ್ರಿಸ್‌ಮಸ್ ದಾನದ ವಿಚಿತ್ರ ಲೆಕ್ಕ

ನಮಸ್ಕಾರ. ಕೊಡುವವರಿಗೆ ಸಿಗುವ ಸಂತೋಷದ ಬಗ್ಗೆ ಹಿಂದಿನ ವಿಡಿಯೋದಲ್ಲಿ ಮಾತನಾಡಿದ್ದೆ. ಅದನ್ನು ನೋಡಿದ ವೀಕ್ಷಕರೊಬ್ಬರು ಹೀಗೆ ಕೇಳಿದ್ದಾರೆ: "ಕೊಟ್ಟರೆ ಅಷ್ಟು ಸಂತೋಷವಾಗುವುದಾದರೆ, ಡಬ್ಬಿ ಹಿಡಿದು ನಿಂತವರನ್ನು ಕಂಡ ಕೂಡಲೇ ಜನ ಮೊಬೈಲ್ ನೋಡುವಂತೆ ನಟಿಸುವುದು ಏಕೆ ಸಾರ್?"

ಬಲವಾದ ಪ್ರಶ್ನೆ. ಉತ್ತರ ಹುಡುಕಲು ಅಮೆರಿಕದ ಡಿಸೆಂಬರ್‌ಗೆ ಹೋಗೋಣ. ದಾನ ಕೇಳುವವರೂ ಕೊಡುವವರೂ ತಪ್ಪಿಸಿಕೊಳ್ಳುವವರೂ ಒಂದೇ ಅಂಗಡಿಯ ಮುಂದೆ ಸಿಗುವ ತಿಂಗಳು ಅದು.

[ಪರದೆಯ ಮೇಲೆ: ಕೆಂಪು ಹಂಡೆ, ಪಕ್ಕದಲ್ಲಿ ಘಂಟೆ ಹಿಡಿದ ಸ್ವಯಂಸೇವಕ]

ಹಿನ್ನೆಲೆ ಬೇಗ ಮುಗಿಸುತ್ತೇನೆ. 1891. ಸ್ಯಾನ್ ಫ್ರಾನ್ಸಿಸ್ಕೊ. ಬಡವರ ಸೇವೆ ಮಾಡುವ ಕ್ರೈಸ್ತ ಸಂಸ್ಥೆ ಸಾಲ್ವೇಷನ್ ಆರ್ಮಿಯ ಜೋಸೆಫ್ ಮ್ಯಾಕ್‌ಫೀ ಎಂಬವರಿಗೆ ಸಾವಿರ ಬಡವರಿಗೆ ಕ್ರಿಸ್‌ಮಸ್ ಊಟ ಹಾಕುವ ಆಸೆ, ಕೈಯಲ್ಲಿ ಕಾಸಿಲ್ಲ. ಹಿಂದೆ ನಾವಿಕರಾಗಿದ್ದಾಗ ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನಲ್ಲಿ, ದಾರಿಹೋಕರು ಬಡವರಿಗಾಗಿ ನಾಣ್ಯ ಹಾಕುತ್ತಿದ್ದ ದೊಡ್ಡ ಪಾತ್ರೆಯೊಂದನ್ನು ನೋಡಿದ್ದು ನೆನಪಾಯಿತು. ತಾವೂ ಒಂದು ಹಂಡೆ ತಂದಿಟ್ಟರು. ಊಟವೂ ಆಯಿತು, ಪದ್ಧತಿಯೂ ಊರೂರಿಗೆ ಹಬ್ಬಿತು. ಆದರೆ ಹಂಡೆ ಇಟ್ಟ ಜಾಗವನ್ನು ಗಮನಿಸಿ: ಮಾರ್ಕೆಟ್ ಸ್ಟ್ರೀಟ್‌ನ ತುದಿಯಲ್ಲಿ, ಓಕ್ಲೆಂಡ್‌ಗೆ ಹೋಗುವ ದೋಣಿಗಳ ಕಟ್ಟೆ. ದೋಣಿಗೆ ಹೋಗುವವರೂ ಬರುವವರೂ ಅದರ ಮುಂದೆಯೇ ಸಾಗಬೇಕು. ಈ ಜಾಗದ ಮಹತ್ವ ಅರ್ಥವಾಗಲು ನೂರಕ್ಕೂ ಹೆಚ್ಚು ವರ್ಷ ಮುಂದಕ್ಕೆ ಹಾರಬೇಕು.

[ಪರದೆಯ ಮೇಲೆ: ಸೂಪರ್‌ಮಾರ್ಕೆಟ್‌ನ ನಕ್ಷೆ, ಎರಡು ಬಾಗಿಲು]

2009ರ ಡಿಸೆಂಬರ್, ಬೋಸ್ಟನ್ ಬಳಿಯ ಒಂದು ಸೂಪರ್‌ಮಾರ್ಕೆಟ್. ಅರ್ಥಶಾಸ್ತ್ರಜ್ಞರಾದ ಜೇಮ್ಸ್ ಆಂಡ್ರಿಯೋನಿ, ಜಸ್ಟಿನ್ ರಾವ್ ಮತ್ತು ಹನ್ನಾ ಟ್ರಾಕ್ಟ್‌ಮನ್ ಇದೇ ಸಾಲ್ವೇಷನ್ ಆರ್ಮಿಯೊಂದಿಗೆ ಸೇರಿ ಅಲ್ಲೊಂದು ಪ್ರಯೋಗ ನಡೆಸಿದರು. ಅಂಗಡಿಗೆ ಎರಡು ಮುಖ್ಯ ಬಾಗಿಲು. ಕೆಲವು ಹೊತ್ತು ಒಂದೇ ಬಾಗಿಲಲ್ಲಿ ಘಂಟೆಯವರು, ಅಂದರೆ ಹಂಡೆಯ ಪಕ್ಕ ಘಂಟೆ ಹಿಡಿದು ದಾನಕ್ಕೆ ನಿಲ್ಲುವವರು, ಕೆಲವು ಹೊತ್ತು ಎರಡರಲ್ಲೂ. ಕೆಲವೊಮ್ಮೆ ಸುಮ್ಮನೆ ಘಂಟೆ ಅಲ್ಲಾಡಿಸುವುದು, ಕೆಲವೊಮ್ಮೆ ಬಾಯಿಬಿಟ್ಟು "ದಯವಿಟ್ಟು ಕೊಡಿ" ಎನ್ನುವುದು. ಇಷ್ಟೇ. ಪ್ರಯೋಗಾಲಯವಿಲ್ಲ, ಪ್ರಶ್ನಾವಳಿಯಿಲ್ಲ. ಯಾರು ಯಾವ ಬಾಗಿಲು ಹಿಡಿಯುತ್ತಾರೆ, ಎಷ್ಟು ಹಾಕುತ್ತಾರೆ ಎಂದು ನೋಡುತ್ತಾ ಕೂರುವುದು. ನನ್ನನ್ನು ಕೇಳಿದರೆ ಅರ್ಥಶಾಸ್ತ್ರವನ್ನು ಹೀಗೆಯೇ ಮಾಡಬೇಕು.

ಎರಡೂ ಬಾಗಿಲಲ್ಲಿ ಘಂಟೆ ಇದ್ದಾಗ ಕೊಡುವವರೂ ಹೆಚ್ಚಾದರು, ಸೇರಿದ ಹಣವೂ ಹೆಚ್ಚಾಯಿತು. ಇದರಲ್ಲಿ ಅಚ್ಚರಿಯಿಲ್ಲ. "ದಯವಿಟ್ಟು ಕೊಡಿ" ಎಂದಾಗಲಂತೂ ದಾನ ಎದ್ದುಕಾಣುವಷ್ಟು ಏರಿತು. ಎರಡು ಮಾತಿಗೆ ಅಷ್ಟು ಶಕ್ತಿ! ಆದರೆ ಅದೇ ಎರಡು ಮಾತು ಆಡಿದಾಗಲೇ ಜನ ದೊಡ್ಡ ಸಂಖ್ಯೆಯಲ್ಲಿ ತಪ್ಪಿಸಿಕೊಂಡು ಇನ್ನೊಂದು ಬಾಗಿಲ ಕಡೆ ತಿರುಗಿದರು. ಚಳಿಗಾಲ, ಕೈಯಲ್ಲಿ ಸಾಮಾನಿನ ಚೀಲ. ಆದರೂ ಸುತ್ತು ಬಳಸಿ ಹೋಗಲು ಸಿದ್ಧ! ಎದುರಿಗೆ ನಿಂತವನು ಜೇಬಿಗೆ ಕೈ ಹಾಕುವುದಿಲ್ಲ, ಬೈಯುವುದಿಲ್ಲ. ಕೇಳುತ್ತಾನೆ, ಅಷ್ಟೇ. "ಇಲ್ಲ" ಎಂದು ಮುಂದೆ ಹೋಗಬಹುದಿತ್ತಲ್ಲ?

ಅವರೆಲ್ಲ ಜಿಪುಣರು ಎಂದು ತೀರ್ಮಾನಿಸುವುದು ಸುಲಭ. ನಿಜವಾದ ಜಿಪುಣನನ್ನು ಸ್ವಲ್ಪ ಯೋಚಿಸಿ ನೋಡಿ. ಅವನಿಗೆ ಬಾಗಿಲು ಬದಲಿಸುವ ಅಗತ್ಯವೇ ಇಲ್ಲ. ಘಂಟೆಯವನ ಮುಂದೆ ಎದೆಯುಬ್ಬಿಸಿ ಹೋಗುತ್ತಾನೆ, ರೆಪ್ಪೆಯೂ ಅಲುಗುವುದಿಲ್ಲ. ಸುತ್ತು ಬಳಸುವವನು ಬೇರೆ ಜಾತಿಯ ಮನುಷ್ಯ. ಎದುರಿಗೆ ನಿಂತು ಕೇಳಿದರೆ ತನ್ನ ಮನಸ್ಸು ಕರಗುತ್ತದೆ ಎಂಬುದು ಅವನಿಗೆ ಮೊದಲೇ ಗೊತ್ತು. ಸಂಶೋಧಕರ ವಾದವೂ ಇದೇ: ಕೇಳಿದಾಗ ಅನುಕಂಪ ಎಚ್ಚರವಾಗುತ್ತದೆ, ಎಚ್ಚರವಾದರೆ ಕೈ ಜೇಬಿಗೆ ಹೋಗುತ್ತದೆ, ಅದು ತಿಳಿದವನು ಎಚ್ಚರವಾಗಲು ಅವಕಾಶವನ್ನೇ ಕೊಡುವುದಿಲ್ಲ. ಸಿಹಿ ಕಂಡರೆ ತಡೆದುಕೊಳ್ಳಲಾರದವನು ಮಿಠಾಯಿ ಅಂಗಡಿಯಿರುವ ಬೀದಿಯನ್ನೇ ಬಿಟ್ಟು ಹೋಗುತ್ತಾನಲ್ಲ, ಹಾಗೆ. ಅವನಿಗೆ ಸಿಹಿ ಇಷ್ಟವಿಲ್ಲ ಎಂದು ಯಾರಾದರೂ ಹೇಳುತ್ತಾರೆಯೇ?

ಇದು ಬರೀ ದಾಕ್ಷಿಣ್ಯವಲ್ಲವೇ, ದಾನ ಹೇಗಾಯಿತು ಎಂದು ನೀವು ತಕರಾರು ತೆಗೆಯಬಹುದು. ಸ್ವಲ್ಪ ಮಟ್ಟಿಗೆ ಹೌದು. ಆದರೆ 2008ರಲ್ಲಿ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಡನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವನ್ನು ಇದರ ಪಕ್ಕದಲ್ಲಿಡಿ. ಕೆಲವರ ಕೈಗೆ 5 ಡಾಲರ್, ಕೆಲವರಿಗೆ 20 ಡಾಲರ್ ಕೊಟ್ಟು, ಸಂಜೆಯೊಳಗೆ ಖರ್ಚು ಮಾಡಿ ಎಂದರು. ಅರ್ಧ ಜನ ತಮಗಾಗಿ, ಅರ್ಧ ಜನ ಬೇರೆಯವರಿಗಾಗಿ. ಸಂಜೆ ಹೆಚ್ಚು ಖುಷಿಯಲ್ಲಿದ್ದವರು ಬೇರೆಯವರಿಗೆ ಖರ್ಚು ಮಾಡಿದವರೇ. ಮೊತ್ತ 5 ಆದರೂ 20 ಆದರೂ ವ್ಯತ್ಯಾಸ ಕಾಣಲಿಲ್ಲ. ಅವರು ತಾವಾಗಿ ದಾನಕ್ಕೆ ಹೊರಟವರಲ್ಲ, ಹೇಳಿದ್ದಕ್ಕೆ ಕೊಟ್ಟವರು. ಅಂದರೆ ಸಂತೋಷ ಸಿಗುವುದು ಕೊಟ್ಟ ಮೇಲೆ. ಓಟ ಕೀಳುವುದು ಅದಕ್ಕೂ ಮೊದಲೇ. ವೀಕ್ಷಕರ ಪ್ರಶ್ನೆಗೆ ನನ್ನ ಉತ್ತರ ಇದು. ಮ್ಯಾಕ್‌ಫೀ ಹಂಡೆ ಇಟ್ಟ ಕಡೆ ಎರಡನೆಯ ಬಾಗಿಲಿರಲಿಲ್ಲ ಎಂಬುದು ಈಗ ನೆನಪಾಗಬೇಕು.

ಸಮಯ ಓಡುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಮುಖ ನೋಡದೆಯೇ ಕೇಳುವ ಉಪಾಯವೂ ಉಂಟು: 1904ರಲ್ಲಿ ಡೆನ್ಮಾರ್ಕ್‌ನ ಅಂಚೆ ನೌಕರ ಐನಾರ್ ಹೋಲ್‌ಬೋಲ್, ಕ್ಷಯರೋಗಿಗಳಿಗಾಗಿ ಕ್ರಿಸ್‌ಮಸ್ ಪತ್ರಗಳಿಗೆ ಅಂಟಿಸುವ ಚೀಟಿ ಮಾರಿಸಿದರು. 1907ರಲ್ಲಿ ಅದನ್ನೇ ಅಮೆರಿಕದಲ್ಲಿ ತಲಾ 1 ಸೆಂಟ್‌ಗೆ ಮಾರಿದ ಎಮಿಲಿ ಬಿಸೆಲ್ ಅವರಿಗೆ ಬೇಕಿದ್ದದ್ದು 300 ಡಾಲರ್, ಬಂದದ್ದು ಅದರ ಸುಮಾರು ಹತ್ತು ಪಟ್ಟು. 1 ಸೆಂಟ್ ಕೇಳಿದರೆ ಯಾರು ಓಡುತ್ತಾರೆ? ಇನ್ನು ಅಮೆರಿಕದಲ್ಲಿ ಆ ವರ್ಷದ ತೆರಿಗೆ ವಿನಾಯಿತಿ ಬೇಕೆಂದರೆ ಡಿಸೆಂಬರ್ 31ರೊಳಗೆ ದಾನ ಕೊಟ್ಟಿರಬೇಕು. ಹಬ್ಬದ ಔದಾರ್ಯದಲ್ಲಿ ಲೆಕ್ಕಪರಿಶೋಧಕರ ಪಾಲೂ ಇದೆ ಎಂದಾಯಿತು. 1982ರಿಂದೀಚೆಗೆ ಕೆಂಪು ಹಂಡೆಗಳಲ್ಲಿ ಆಗಾಗ ಚಿನ್ನದ ನಾಣ್ಯಗಳೂ ಸಿಗುತ್ತಿವೆ, ಹಾಕಿದವರ ಹೆಸರಿಲ್ಲದೆ. ಇವರನ್ನು ಮಾತ್ರ ನನ್ನ ಯಾವ ವಿವರಣೆಯೊಳಗೂ ಹಿಡಿದು ಕೂರಿಸಲಾರೆ.

2019ರಿಂದ ಹಂಡೆಯ ಬಳಿ ಮೊಬೈಲ್ ತೋರಿಸಿಯೇ ಹಣ ಕೊಡಬಹುದು. "ಚಿಲ್ಲರೆ ಇಲ್ಲ" ಎನ್ನುವ ನೆಪವೂ ಹೋಯಿತು. ಹೊಸದೊಂದು ನೆಪ ಯಾರಾದರೂ ಈಗಾಗಲೇ ಕಂಡುಹಿಡಿದಿರುತ್ತಾರೆ. ನಿಮಗೆ ಗೊತ್ತಿದ್ದರೆ ಬರೆದು ತಿಳಿಸಿ.